ಅವ್ವನ ಎರಡು ಚೀಟಿ

ಎಸ್ಸೆಸ್ಸೆಲ್ಸಿಯಲ್ಲಿ ಎರಡು ಚರಾಕ್ಷರಗಳ ಸಮೀಕರಣ ನನಗೆ ಚೆನ್ನಾಗಿಯೇ ಬರುತ್ತಿತ್ತು. ಇದನ್ನು ಮೂರರಿಂದ ಗುಣಿಸು, ಅದನ್ನು ನಾಲ್ಕರಿಂದ ಗುಣಿಸು, ಕಳೆ; ಎಕ್ಸ್ ಹೋಯಿತು, ವೈ ಸಿಕ್ಕಿತು. ಎಕ್ಸ್ ಯಾಕೆ ಹೋಯಿತು ಎಂದು ಮಾತ್ರ ಯಾವತ್ತೂ ಕೇಳಿಕೊಂಡವನಲ್ಲ.

ಅವ್ವ ಸಕಲೇಶಪುರದ ಕಡೆ ಒಂದು ಕಾಫಿ ತೋಟಕ್ಕೆ ಕೂಲಿಗೆ ಹೋಗುತ್ತಿದ್ದಳು. ಕೆಲವು ದಿನ ಕಳೆ ತೆಗೆಯುವುದು, ಕೆಲವು ದಿನ ಗೊಬ್ಬರ ಹೊರುವುದು. ಕಳೆಗೆ ದಿನಕ್ಕೆ 35 ರೂಪಾಯಿ, ಗೊಬ್ಬರಕ್ಕೆ 40 ಎಂದು ಮಾತಾಗಿತ್ತು. ಶನಿವಾರದ ಬಟವಾಡೆಯಲ್ಲಿ ರೈಟರು ಕೊಡುವ ಚೀಟಿಯಲ್ಲಿ ದಿನಗಳು ಬೇರೆ ಬೇರೆ ಇರುತ್ತಿದ್ದವು, ಹಣ ಮಾತ್ರ ಒಟ್ಟು. ದುಡ್ಡು ಕಮ್ಮಿ ಬರುತ್ತಿದೆ ಎಂದು ಅವ್ವನಿಗೆ ಗೊತ್ತಿತ್ತು. ಯಾವ ಕೆಲಸದಲ್ಲಿ ಮುರಿದುಕೊಳ್ಳುತ್ತಿದ್ದಾರೆ ಎಂಬುದು ಗೊತ್ತಿಲ್ಲದೆ ಹೋಗಿ ಕೇಳುವುದಾದರೂ ಏನನ್ನು?

ಒಂದು ರಾತ್ರಿ ಎರಡು ಚೀಟಿ ನನ್ನ ಮುಂದಿಟ್ಟಳು. ನಾಲ್ಕು ದಿನ ಕಳೆ, ಎರಡು ದಿನ ಗೊಬ್ಬರ: 200. ಮುಂದಿನ ವಾರ ಮೂರು ಕಳೆ, ಮೂರು ಗೊಬ್ಬರ: 210. ನಾನು ಗತ್ತಿನಿಂದ ಪುಸ್ತಕ ತೆಗೆದು ಎಕ್ಸ್, ವೈ ಬರೆದು ಗುಣಿಸತೊಡಗಿದೆ. ಅವಳು ಒಲೆಗೆ ಸೌದೆ ತಳ್ಳುತ್ತ ತನ್ನಷ್ಟಕ್ಕೇ ಹೇಳಿಕೊಂಡಳು: "ಒಂದಿನ ಕಳೆ ಬಿಟ್ಟು ಗೊಬ್ಬರ ಹೊತ್ತಿದ್ದಕ್ಕೆ ಹತ್ತು ಜಾಸ್ತಿ ಬಂತು. ಹಂಗಾದ್ರೆ ಗೊಬ್ಬರಕ್ಕೆ ಹತ್ತು ಜಾಸ್ತಿ. ಮೂರು ಮೂರಕ್ಕೆ ಇನ್ನೂರ ಹತ್ತು ಅಂದ್ರೆ ಜೋಡಿಗೆ ಎಪ್ಪತ್ತು. ಗೊಬ್ಬರಕ್ಕೆ ನಲವತ್ತು, ಕಳೆಗೆ ಮೂವತ್ತು. ನೋಡು ಮಗ, ಕಳೇಲಿ ಮುರ್ಕೊಂಡವ್ರೆ."

ನನ್ನ ಉತ್ತರ ಆಮೇಲೆ ಬಂತು. ಅದೇ ಉತ್ತರ.

ಎಷ್ಟೋ ವರ್ಷಗಳ ನಂತರ ಮಹಾವೀರಾಚಾರ್ಯರ 'ಗಣಿತಸಾರ ಸಂಗ್ರಹ'ದ ಒಂದು ಲೆಕ್ಕ ಕಣ್ಣಿಗೆ ಬಿತ್ತು. ನೃಪತುಂಗನ ಕಾಲದ, 9ನೇ ಶತಮಾನದ ಸಂಸ್ಕೃತ ಗ್ರಂಥ ಅದು. ಒಂಬತ್ತು ಮಾದಲ ಹಣ್ಣಿಗೂ ಏಳು ಬೇಲದ ಹಣ್ಣಿಗೂ ಸೇರಿ 107. ಏಳು ಮಾದಲಕ್ಕೂ ಒಂಬತ್ತು ಬೇಲಕ್ಕೂ ಸೇರಿ 101. ಒಂದೊಂದರ ಬೆಲೆ ಬಿಡಿಸಿ ಹೇಳಬೇಕು. ಆಚಾರ್ಯರ ಸೂತ್ರ ನಾನು ಶಾಲೆಯಲ್ಲಿ ಕಲಿತದ್ದರ ಜಾತಿಯದೇ: 107ನ್ನು ಒಂಬತ್ತರಿಂದ, 101ನ್ನು ಏಳರಿಂದ ಗುಣಿಸಿ, ಕಳೆದು, 32ರಿಂದ ಭಾಗಿಸುವುದು. ನನ್ನ ಕೈ ಮಾತ್ರ ಪೆನ್ನಿಗೆ ಹೋಗಲಿಲ್ಲ. ಎರಡು ಮಾದಲ ಬಿಟ್ಟು ಎರಡು ಬೇಲ ತಗೊಂಡರೆ ಆರು ಉಳಿಯಿತು, ಅಂದರೆ ಮಾದಲಕ್ಕೆ ಮೂರು ಜಾಸ್ತಿ. ಎರಡೂ ಸಾಲು ಕೂಡಿಸಿದರೆ ಹದಿನಾರು ಜೋಡಿಗೆ 208, ಜೋಡಿಗೆ ಹದಿಮೂರು. ಮಾದಲ ಎಂಟು, ಬೇಲ ಐದು. ಒಲೆಯ ಮುಂದಿನ ಲೆಕ್ಕವೇ.

ಅವ್ವ ಆ ಶನಿವಾರ ರೈಟರ ಹತ್ತಿರ ಹೋಗಿ, ಎಲ್ಲರೆದುರು, ಕಳೆಯ ಐದು ರೂಪಾಯಿ ಎಲ್ಲಿ ಎಂದು ಕೇಳಿದಳು. ಅವರು ಚೀಟಿ ತಿರುಗಿಸಿ ಮುರುಗಿಸಿ ನೋಡಿ, ಇದನ್ನು ನಿನಗೆ ಯಾರು ಹೇಳಿಕೊಟ್ಟರು ಎಂದರಂತೆ. "ನನ್ನ ಮಗ ಓದ್ತಾವ್ನೆ" ಎಂದು ಬಂದಳು. ಮುಂದಿನ ವಾರದಿಂದ ಕಳೆಗೆ 35 ಬಂತು. ಹಿಂದಿನದ್ದು ಬರಲಿಲ್ಲ.