ಅಳದ ಚಂದ್ರಮತಿ

ನಮ್ಮ ಕಂಪನಿ ನಾಟಕಗಳಲ್ಲಿ ಮಗುವಿಗೆ ಮೈ ಬಿಸಿಯಾದರೆ ಮೊದಲು ಗೊತ್ತಾಗುವುದು ಹಾರ್ಮೋನಿಯಂ ಮೇಷ್ಟ್ರಿಗೆ. ಅವರು ಒಂದು ಸ್ವರ ಹಿಡಿದು ಎಳೆದರೆಂದರೆ ಮಗುವಿನ ಕಥೆ ಮುಗಿಯಿತು ಅಂತಲೇ ಲೆಕ್ಕ. ತಾಯಿಗೆ ತಿಳಿಯುವುದು ಆಮೇಲೆ. ಆಕೆ ಸೆರಗನ್ನು ಬಾಯಿಗೊತ್ತಿಕೊಳ್ಳುವ ಹೊತ್ತಿಗೆ ಮುಂದಿನ ಸಾಲಿನ ಹೆಂಗಸರು ಆಗಲೇ ಎರಡು ಸಲ ಮೂಗು ಒರೆಸಿಕೊಂಡಿರುತ್ತಾರೆ. ಚಂದ್ರಮತಿ ಸತ್ತ ಮಗ ಲೋಹಿತಾಶ್ವನನ್ನು ತೊಡೆಯ ಮೇಲೆ ಹಾಕಿಕೊಂಡು ಹಾಡಿ ಹಾಡಿ ಅಳುವುದು, ಜನ ‘ಒನ್ಸ್ ಮೋರ್’ ಎಂದು ಕೂಗುವುದು, ಆಕೆ ಪಾಪ ಮತ್ತೆ ಮೊದಲಿಂದ ಅಳುವುದು! ದುಃಖವನ್ನು ಇಷ್ಟು ಧಾರಾಳವಾಗಿ ಬಡಿಸುವ ಪಂಕ್ತಿಯಲ್ಲಿ ಉಂಡು ಬೆಳೆದವಳು ನಾನು.

ಇಂಥವಳನ್ನು 2024ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಗೆ ನಾಟಕ ನೋಡಲು ಕಳಿಸಿದ್ದು ನನ್ನ ಅಳಿಯ. ಬಾಣಂತನಕ್ಕೆ ಬಂದ ಅತ್ತೆಗೆ ಒಂದು ದಿನ ರಜೆ ಕೊಡಿಸಬೇಕೆಂಬುದು ಅವನ ಸದಾಶಯ. “ನೀವಿಬ್ಬರೂ ಹೋಗ್ಬನ್ನಿ ಅತ್ತೆ, ಪಾಪೂನ ನಾನು ನೋಡ್ಕೋತೀನಿ” ಎಂದು ಟಿಕೆಟ್ಟು ಕೈಗಿಟ್ಟ. ರೇಚಲ್ ಮ್ಯಾಕ್ ಆಡಮ್ಸ್ ಎಂಬ ಸಿನಿಮಾ ನಟಿ ಮೊದಲ ಸಲ ಬ್ರಾಡ್‌ವೇ ರಂಗವೇರಿದ್ದಾಳೆ ಎನ್ನುವುದಷ್ಟೇ ಅವನಿಗೆ ಗೊತ್ತಿದ್ದದ್ದು. ಮಗಳು-ಅಳಿಯ ಇರುವ ಎಡಿಸನ್ನಿನಿಂದ ರೈಲು ಹೊರಟ ಮೇಲೆ ಮಗಳು ಫೋನು ತೀಡುತ್ತಾ ಮುಖ ಸಣ್ಣ ಮಾಡಿದಳು. “ಅಮ್ಮಾ, ಇದು ಕಾಯಿಲೆ ಮಗು ಕಥೆಯಂತೆ. ಅಪ್ಪನೂ ಇಲ್ಲವಂತೆ.” ನಾನು ಚೀಲ ತಡವಿ ಕರ್ಚೀಫು ಎರಡಿವೆಯೆಂದು ಖಾತ್ರಿ ಮಾಡಿಕೊಂಡೆ. “ಅಳೋದು ತಾನೆ? ಬಾರೆ, ನನಗೆ ಅಭ್ಯಾಸ ಇದೆ.”

ನಾಟಕದ ಹೆಸರು ‘ಮೇರಿ ಜೇನ್’. ಬರೆದವರು ಏಮಿ ಹರ್ಜಾಗ್, ನಿರ್ದೇಶನ ಆನ್ ಕೌಫ್‌ಮನ್. 2017ರಲ್ಲೇ ಯೇಲ್ ರೆಪರ್ಟರಿಯಲ್ಲಿ ಮೊದಲ ಪ್ರಯೋಗ ಕಂಡು, ಏಳು ವರ್ಷದ ನಂತರ 47ನೇ ಬೀದಿಯ ಫ್ರೀಡ್‌ಮನ್ ಥಿಯೇಟರಿಗೆ ಬಂದಿತ್ತು. ಪರದೆ ಸರಿದಾಗ ನಾನು ಹಾಸಿಗೆ, ಔಷಧಿ ಸೀಸೆ, ಮಂದ ದೀಪ ಹುಡುಕುತ್ತಿದ್ದೆ. ಕಂಡದ್ದು ಕ್ವೀನ್ಸ್‌ನ ಒಂದು ಚಿಕ್ಕ ಮನೆಯ ಅಡುಗೆಕಟ್ಟೆ, ಕಟ್ಟಿಕೊಂಡ ಸಿಂಕು, ಅದನ್ನು ಬಿಡಿಸಲು ಬಂದ ರೂತಿ ಎಂಬ ವಯಸ್ಸಾದ ಹೆಂಗಸು. ಅಷ್ಟು ದುಡ್ಡು ಕೊಟ್ಟು ಸಿಂಕು ರಿಪೇರಿ ನೋಡುವುದೇ ಎಂದುಕೊಂಡೆ. ಸಿಂಕು ಬಿಡಿಸುತ್ತಲೇ ರೂತಿ, ನಿನ್ನ ಮೈಯೆಲ್ಲ ಬಿಗಿದುಕೊಂಡಿದೆಯಲ್ಲ ಎಂದು ಮಗುವಿನ ತಾಯಿ ಮೇರಿ ಜೇನಳಿಗೆ ಉಪದೇಶ ಮಾಡುತ್ತಾಳೆ. ಅವಳು ನಗುತ್ತಾ ಹೂಂಗುಟ್ಟುತ್ತಾಳೆ. ಜನವೂ ನಕ್ಕರು. ನನ್ನ ಕರ್ಚೀಫು ಮಡಿಕೆ ಬಿಚ್ಚಲಿಲ್ಲ.

ಮಗುವಿನ ಹೆಸರು ಅಲೆಕ್ಸ್. ಎರಡು ದಾಟಿ ಮೂರಾಗದ ವಯಸ್ಸು. ದಿನ ತುಂಬುವ ಎಷ್ಟೋ ಮೊದಲೇ ಹುಟ್ಟಿದವನು; ಸೆರೆಬ್ರಲ್ ಪಾಲ್ಸಿ, ಶ್ವಾಸಕೋಶದ ತೊಂದರೆ, ಮಾತು ಬರದು. ಅವನು ಒಳಕೋಣೆಯಲ್ಲಿದ್ದಾನೆ, ತಾಯಿ ಹೊರಗೆ ಸೋಫಾ ಬಿಚ್ಚಿ ಮಲಗುತ್ತಾಳೆ. ಯಂತ್ರದ ಬೀಪ್ ಸದ್ದು ಕೇಳುತ್ತದೆ, ದಾದಿ ಶೆರಿ ಒಳಗೆ ಹೋಗುತ್ತಾಳೆ, ಬರುತ್ತಾಳೆ. ಹುಡುಗ ಮಾತ್ರ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಇದು ನನಗೆ ಮೊದಲು ಮೋಸ ಅನಿಸಿತು. ಯಾಕೆಂದರೆ ನಾನೇ ಒಮ್ಮೆ ಲೋಹಿತಾಶ್ವನಾಗಿದ್ದವಳು. ಮಿಡ್ಲ್ ಸ್ಕೂಲಿನ ವಾರ್ಷಿಕೋತ್ಸವದಲ್ಲಿ ಎತ್ತಿಕೊಳ್ಳಲು ಹಗುರ ಎಂಬ ಒಂದೇ ಅರ್ಹತೆಯ ಮೇಲೆ ಆಯ್ಕೆಯಾಗಿದ್ದೆ. ದರ್ಭೆ ತರಲು ಹೋಗಿ, ಹಾವು ಕಚ್ಚಿಸಿಕೊಂಡು, ಸತ್ತು ಮಲಗಿದ್ದೂ ಆಯಿತು. ಚಂದ್ರಮತಿಯಾಗಿದ್ದ ಹುಡುಗಿ ಎರಡು ಸಲ “ಅಯ್ಯೋ ಕಂದಾ” ಎಂದವಳು ಗಪ್ಪನೆ ನಿಂತಳು. ನನ್ನ ಕಿವಿಯ ಹತ್ತಿರ ಬಗ್ಗಿ, “ಮುಂದೇನೇ?” ಅಂದಳು. ಹೆಣವಾದ ನಾನು ತುಟಿ ಅಲ್ಲಾಡದ ಹಾಗೆ ಒಂದೊಂದೇ ಸಾಲು ಹೇಳಿಕೊಟ್ಟೆ, ಅವಳು ಎದೆ ಬಡಿದುಕೊಂಡು ಅತ್ತಳು. ಮೊದಲ ಬಹುಮಾನ ಅವಳಿಗೇ ಬಂತು ಎನ್ನುವುದು ಬೇರೆ ಮಾತು.

ಕಾಣದ ಅಲೆಕ್ಸ್ ಕೂಡ ಅದನ್ನೇ ಮಾಡುತ್ತಿದ್ದನೆಂದು ನಿಧಾನವಾಗಿ ಹೊಳೆಯಿತು. ರಂಗದ ಮೇಲಿನ ಐದೂ ಜನ ಹೆಂಗಸರು ಆಡುವ ಮಾತೆಲ್ಲ ಒಳಕೋಣೆಯಿಂದ ಅವನು ಹೇಳಿಕೊಟ್ಟದ್ದು. ಹೌದು, ಇದರಲ್ಲಿ ಗಂಡಸರ ಪಾತ್ರವೇ ಇಲ್ಲ. ಮೇರಿ ಜೇನ್ ಬಿಟ್ಟು ಉಳಿದ ನಾಲ್ಕು ನಟಿಯರು ತಲಾ ಎರಡು ವೇಷ ಹಾಕುತ್ತಾರೆ. ಸಿಂಕು ಬಿಡಿಸಿದಾಕೆಯೇ ಉತ್ತರಾರ್ಧದಲ್ಲಿ ಆಸ್ಪತ್ರೆಯ ಬೌದ್ಧ ಸನ್ಯಾಸಿನಿ. ನಮ್ಮ ಕಂಪನಿಗಳಲ್ಲಿ ಸಂಬಳ ಉಳಿಸಲು ಮಾಡುತ್ತಿದ್ದುದನ್ನು ಇಲ್ಲಿ ಅರ್ಥ ಬರುವ ಹಾಗೆ ಮಾಡಿದ್ದಾರೆ.

ಹರ್ಜಾಗ್ ಅವರ ಹಿರಿಯ ಮಗಳಿಗೂ ಹುಟ್ಟಿನಿಂದಲೇ ಸ್ನಾಯುಗಳ ಗಂಭೀರ ಕಾಯಿಲೆಯಿತ್ತು. ನಾಟಕ ಬ್ರಾಡ್‌ವೇಗೆ ಬರುವ ಹಿಂದಿನ ವರ್ಷ ಆ ಮಗು ತೀರಿಕೊಂಡಿತು. ಇಷ್ಟು ತಿಳಿದ ಮೇಲೆ ಒಂದು ದೃಶ್ಯ ನನಗೆ ಬೇರೆಯೇ ಆಗಿ ಕಂಡಿತು. ಇಂಥದೇ ಮಗುವಿನ ಹೊಸ ತಾಯಿಯೊಬ್ಬಳು ಮೇರಿ ಜೇನಳ ಮನೆಗೆ ಬರುತ್ತಾಳೆ. ಇವಳು ಸಮಾಧಾನದ ಒಂದು ಮಾತನ್ನೂ ಆಡುವುದಿಲ್ಲ. ಯಾವ ಸಾಮಾನು ಬೇಕು, ಯಾವ ಸೌಲಭ್ಯ ಕೇಳಿ ಪಡೆಯಬೇಕು ಎಂದು ಮಗಳಿಗೆ ಹಬ್ಬದಡುಗೆ ಹೇಳಿಕೊಡುವವಳ ಹುಮ್ಮಸ್ಸಿನಲ್ಲಿ ಹೇಳುತ್ತಾ ಹೋಗುತ್ತಾಳೆ.

ನಮ್ಮ ಚಿಕ್ಕಮ್ಮ ಥೇಟ್ ಹೀಗೇ. ಅರಸೀಕೆರೆಯಲ್ಲಿ ಅವಳ ಮಗ ಪುಟ್ಟನಿಗೆ ಫಿಟ್ಸು, ಕಾಲೂ ಬರಲಿಲ್ಲ. ಬೊಂಬಾಯಿಗೆ ಹೋದ ಚಿಕ್ಕಪ್ಪನಿಂದ ಮೊದಮೊದಲು ಮನಿಯಾರ್ಡರ್ ಬರುತ್ತಿತ್ತು, ಆಮೇಲೆ ಕಾಗದ, ಆಮೇಲೆ ಅದೂ ಇಲ್ಲ. ಯಾವ ಕಂಡಕ್ಟರು ಹಿಂದಿನ ಉದ್ದ ಸೀಟಿನಲ್ಲಿ ಹುಡುಗನನ್ನು ಮಲಗಿಸಲು ಬಿಡುತ್ತಾನೆ, ಯಾವ ಕಾಂಪೌಂಡರ ಸೂಜಿ ಚುಚ್ಚಿದ್ದೇ ಗೊತ್ತಾಗುವುದಿಲ್ಲ, ಎಲ್ಲ ಅವಳಿಗೆ ಬಾಯಿಪಾಠ. ಅಯ್ಯೋ ಪಾಪ ಎನ್ನಲು ಬಂದವರಿಗೆ ಕಾಫಿ ಮಾಡಿಕೊಟ್ಟು, ಅವರವರ ಸೊಂಟನೋವಿನ ಕಥೆ ಕೇಳಿ, ಅವರನ್ನೇ ಸಮಾಧಾನ ಮಾಡಿ ಕಳಿಸುತ್ತಿದ್ದಳು. ಪುಟ್ಟ ಮೀಸೆ ಚಿಗುರುವವರೆಗೂ ಬದುಕಿದ್ದ.

ಇತ್ತ ರಂಗದ ಮೇಲೆ ಮನೆಗೆ ಮನೆಯೇ ಮೇಲಕ್ಕೆದ್ದು ಆಸ್ಪತ್ರೆ ಕಾಣಿಸಿತು. ಅಲೆಕ್ಸ್‌ನಿಗೆ ಸಂಗೀತ ಕೇಳಿಸಲು ಬರಬೇಕಾದವಳು ಬೇಕಾದ ಹೊತ್ತಿಗೆ ಬರುವುದಿಲ್ಲ. ಅಷ್ಟು ಹೊತ್ತೂ ಎಲ್ಲರಿಗೂ ಥ್ಯಾಂಕ್ಸ್ ಹೇಳುತ್ತಿದ್ದ ಮೇರಿ ಜೇನ್ ಸಿಡಿದದ್ದು ಆ ಹಾಡಿನ ವಿಷಯಕ್ಕೆ. ಪಕ್ಕದಲ್ಲಿ ಮಗಳು ನನ್ನ ಬಳೆ ಸಮೇತ ಕೈ ಹಿಡಿದುಕೊಂಡಿದ್ದಳು. ನಮ್ಮ ಕಥೆಯಲ್ಲಾದರೆ ಕೊನೆಗೆ ಈಶ್ವರ ಪ್ರತ್ಯಕ್ಷನಾಗಿ ಲೋಹಿತಾಶ್ವನನ್ನು ಎಬ್ಬಿಸುತ್ತಾನೆ. ಇಲ್ಲಿ ಬರುವವಳು ಸನ್ಯಾಸಿನಿ, ಅವಳ ಹತ್ತಿರವೂ ಉತ್ತರವಿಲ್ಲ. ಮೇರಿ ಜೇನಳಿಗೆ ಮೈಗ್ರೇನ್ ತಲೆನೋವು ಏರಿ ಕಣ್ಣ ಮುಂದೆ ಬೆಳಕು ಆಡತೊಡಗುತ್ತದೆ. ಹುಡುಗ ಏನಾದನೆಂದು ಹೇಳದೆಯೇ ನಾಟಕ ಮುಗಿಯಿತು.

ಮಾರನೆಯ ದಿನ ಚಿಕ್ಕಮ್ಮನಿಗೆ ಫೋನು ಮಾಡಿ ಕಥೆಯೆಲ್ಲ ಹೇಳಿದೆ. ಎಂಬತ್ತು ದಾಟಿದೆ, ಕಿವಿ ಮಂದ. ಅಟ್ಲಾಂಟಿಕ್ ದಾಟಿಸಿ ಕೂಗಬೇಕು. ಸುಮ್ಮನೆ ಕೇಳಿದಳು.

“ಗಂಡ ಎಲ್ಲಿ ಹೋದ್ನಂತೆ?”

“ಬಿಟ್ಟು ಹೋದ. ಆದರೆ ಅವಳು ಒಂದು ಮಾತೂ ಬೈಯಲ್ಲ ಚಿಕ್ಕಮ್ಮ. ಅವನಿಗೂ ನೆಮ್ಮದಿ ಸಿಗಲಿ ಅಂತಾಳೆ.”

“ಒಂದ್ಸಲಾನೂ ಬೈಯಲ್ವಾ?”

“ಇಲ್ಲ.”

“ಮತ್ತೆ ತಲೆನೋವು ಬರದೆ ಇರುತ್ತೇನೆ?” ಅಂದಳು ಚಿಕ್ಕಮ್ಮ. “ನಾನು ದಿನಾ ಬೆಳಿಗ್ಗೆ ಒಲೆ ಹಚ್ಚೋವಾಗ ನಿಮ್ಮ ಚಿಕ್ಕಪ್ಪನಿಗೆ ಹಿಡಿಶಾಪ ಹಾಕ್ತಿದ್ದೆ. ಇವತ್ತಿಗೂ ಒಂದು ತಲೆನೋವಿನ ಮಾತ್ರೆ ನುಂಗಿದವಳಲ್ಲ.”