ಮಡಕೆಯೊಳಗಿನ ಸೀಸೆ

ಉಮರ್ಗಾದ ಆ ಮನೆಯ ಅಡುಗೆಮನೆಯ ಮೂಲೆಯಲ್ಲಿ ಬೇಸಿಗೆ ಬಂತೆಂದರೆ ಎರಡು ಮಡಕೆಗಳು ಕೂಡುತ್ತವೆ. ದೊಡ್ಡದು ಕುಡಿಯುವ ನೀರಿಗೆ. ಚಿಕ್ಕದರ ಮೈಗೆ ಒದ್ದೆ ಅರಿವೆ ಸುತ್ತಿರುತ್ತದೆ. ತಳದಲ್ಲಿ ಒಂದಿಷ್ಟು ನೀರು, ನೀರಿನ ಮೇಲೆ ಮುಚ್ಚಳ ಬಿಗಿದ ಸ್ಟೀಲ್ ಡಬ್ಬಿ, ಡಬ್ಬಿಯೊಳಗೆ ಇನ್ಸುಲಿನ್ ಸೀಸೆ. ಮನೆಯಲ್ಲಿ ಫ್ರಿಜ್ ಇಲ್ಲವೆಂದಲ್ಲ. ಒಡೆಯದ ಸೀಸೆಗಳು ಅಲ್ಲಿಯೇ ಇವೆ. ಆದರೆ ವೈಶಾಖದ ಮಧ್ಯಾಹ್ನ ಕರೆಂಟು ಹೋದರೆ ಎಂದು ಬರುವುದೋ ತಿಳಿಯದು. ಮಡಕೆಗೆ ಆ ಚಿಂತೆಯಿಲ್ಲ. ನಿವೃತ್ತ ಮಾಸ್ತರರು ದಿನವೂ ಎರಡು ಹೊತ್ತು ಆ ಡಬ್ಬಿಯನ್ನು ತೆರೆಯುತ್ತಾರೆ. ಸೀಸೆಯ ಮೇಲೆ ಬಯೋಕಾನ್ ಎಂಬ ಹೆಸರಿದೆ. ಬೆಂಗಳೂರಿನ ಕಂಪನಿಯಾದರೂ ಕನ್ನಡದ ಒಂದಕ್ಷರ ಅದರ ಮೇಲಿಲ್ಲವೆಂದು ಅವರು ಮೊದಮೊದಲು ಗೊಣಗುತ್ತಿದ್ದರು. ಈಗ ಅದನ್ನು ಬಿಟ್ಟಿದ್ದಾರೆ.

ಅವರ ಅಕ್ಕನಿಗೆ ಈ ಸೀಸೆ ದೊರೆಯಲಿಲ್ಲ. ಆಕೆಯನ್ನು ನಿಲಂಗಾಕ್ಕೆ ಕೊಟ್ಟಿದ್ದರು. ನಿಲಂಗಾ, ಉದಗೀರಗಳು 1956ರವರೆಗೆ ಬೀದರ ಜಿಲ್ಲೆಯವೇ. ಗಡಿ ಸರಿದರೂ ಬೀಗತನ ಸರಿಯಲಿಲ್ಲ. 1993ರ ಸೆಪ್ಟೆಂಬರ್ 30ರ ಭೂಕಂಪ ಕಿಲ್ಲಾರಿ, ಸಾಸ್ತೂರುಗಳನ್ನು ನೆಲಸಮ ಮಾಡಿದ ಮರುವರ್ಷ ಆಕೆಯ ಕಾಲಿನ ಹುಣ್ಣು ಮಾಯಲೊಲ್ಲದಾಯಿತು. ಸಕ್ಕರೆ ಕಾಯಿಲೆ ಎಂದರು, ಇಂಜೆಕ್ಷನ್ ಬರೆದುಕೊಟ್ಟರು. ಆ ಕಾಲದಲ್ಲಿ ಅಗ್ಗಕ್ಕೆ ಸಿಗುತ್ತಿದ್ದುದು ಹಂದಿಯ ಅಥವಾ ದನದ ಮೇದೋಜೀರಕ ಗ್ರಂಥಿಯಿಂದ ತೆಗೆದ ಇನ್ಸುಲಿನ್. ಮಾನವ ಇನ್ಸುಲಿನ್ 1982ರಲ್ಲಿಯೇ ಅಮೆರಿಕದಲ್ಲಿ ಅನುಮತಿ ಪಡೆದಿದ್ದರೂ, ಹೊರದೇಶದಿಂದ ಇಲ್ಲಿಗೆ ಬರುವಷ್ಟರಲ್ಲಿ ಅದರ ಬೆಲೆ ಒಕ್ಕಲಿಗನ ಮನೆಗೆ ನಿಲುಕುವಂತಿರಲಿಲ್ಲ. ಸೀಸೆಯ ಮೇಲಿನ ಸಣ್ಣಕ್ಷರಗಳನ್ನು ಯಾರೋ ಓದಿ ಹೇಳಿದರು. ಆಕೆ ಅದನ್ನು ಅಂಗಳಕ್ಕೆ ಒಯ್ದು ಇಟ್ಟಳು.

"ತಮ್ಮಾ, ಲಿಂಗ ಕಟ್ಟಿದ ಮೈಯಾಗ ಹಂದೀದು ಹಾಕ್ಕೊಳ್ಲೇನು? ನೀನ ಹೇಳು" ಎಂದು ಕೇಳಿದ್ದಳು.

ಮಾಸ್ತರರು ಹೇಳಲಿಲ್ಲ. "ನಿನ್ನ ಮನಸ್ಸಿಗೆ ಬಂದಂಗ ಮಾಡಕ್ಕ" ಎಂದರು. ಸಾವಿರ ಮಕ್ಕಳಿಗೆ ಲೆಕ್ಕ ಕಲಿಸಿದವರಿಗೆ ಆ ಒಂದು ಲೆಕ್ಕ ಬಿಡಿಸಲಾಗಲಿಲ್ಲ. ಮೊದಲು ಕಾಲು ಹೋಯಿತು. ಎರಡು ವರ್ಷದೊಳಗೆ ಅಕ್ಕನೂ ಹೋದಳು.

ಅದೇ ಕಾಯಿಲೆ ತಮ್ಮನನ್ನು ಹಿಡಿದು, ಗುಳಿಗೆಗಳು ಸಾಲದಾದದ್ದು 2005ರಲ್ಲಿ. ಉದಗೀರದ ಮಗಳ ಮನೆಯಲ್ಲಿದ್ದಾಗ ಅಲ್ಲಿನ ವೈದ್ಯರು ಚೀಟಿ ಬರೆದರು. ಮಾಸ್ತರರು ಕೇಳಿದ ಮೊದಲ ಮಾತು: "ಇದು ಯಾವ ಪ್ರಾಣೀದ್ರೀ ಸಾಹೇಬರ?" ವೈದ್ಯರು ನಕ್ಕು, ಯಾವ ಪ್ರಾಣಿಯದೂ ಅಲ್ಲ, ಯೀಸ್ಟಿನದು ಎಂದರು. ಹಿಂದಿನ ವರ್ಷವಷ್ಟೇ, 2004ರಲ್ಲಿ, ಬಯೋಕಾನ್ ತನ್ನ ಇನ್ಸುಜೆನ್ ಅನ್ನು ಮಾರುಕಟ್ಟೆಗೆ ಬಿಟ್ಟಿತ್ತು. (ಮರಾಠವಾಡದವರು ಇನ್ನೊಂದನ್ನೂ ನೆನೆಯಬೇಕು: ಔರಂಗಾಬಾದಿನಲ್ಲಿ ಕಾರ್ಖಾನೆಯುಳ್ಳ ವೊಕಾರ್ಡ್ಟ್ 2003ರಲ್ಲಿಯೇ ಇಂಥ ಇನ್ಸುಲಿನ್ ತಂದಿತ್ತು.)

ಆ ಉತ್ತರದ ಪೂರ್ಣ ಅರ್ಥ ತಿಳಿದದ್ದು ಬಹಳ ವರ್ಷಗಳ ಮೇಲೆ, ಉದಗೀರದ ಮೊಮ್ಮಗಳು ಔಷಧಶಾಸ್ತ್ರ ಓದತೊಡಗಿದಾಗ. "ಮುತ್ಯಾ, ದ್ವಾಸಿ ಹಿಟ್ಟು ಹುಳಿ ಬರೂದಿಲ್ಲೇನು, ಹಂಗ ತಿಳಿ" ಎಂದು ಅವಳು ಆರಂಭಿಸಿದಳು. ಇನ್ಸುಲಿನ್ ತಯಾರಿಸುವ ಮನುಷ್ಯನ ವಂಶವಾಹಿಯ ಪ್ರತಿಯನ್ನು ಪಿಚಿಯಾ ಎಂಬ ಯೀಸ್ಟಿನೊಳಗೆ ಸೇರಿಸುತ್ತಾರೆ. ಉಕ್ಕಿನ ದೊಡ್ಡ ತೊಟ್ಟಿಗಳಲ್ಲಿ ಅದಕ್ಕೆ ಆಹಾರ, ಗಾಳಿ, ಹದವಾದ ಶಾಖ ಕೊಟ್ಟು ಬೆಳೆಸುತ್ತಾರೆ. ಅದು ಇನ್ಸುಲಿನ್ನಿನ ಪೂರ್ವರೂಪವನ್ನು ಹೊರಸೂಸುತ್ತದೆ; ಅದನ್ನು ಕಿಣ್ವದಿಂದ ಕತ್ತರಿಸಿ, ಮತ್ತೆ ಮತ್ತೆ ಶುದ್ಧಿಮಾಡಿ ಸೀಸೆಗೆ ತುಂಬುತ್ತಾರೆ.

ಹುದುಗಿಸುವ ಈ ವಿದ್ಯೆಯೇ ಆ ಕಂಪನಿಯ ಮೂಲ ಬಂಡವಾಳ. ಕಿರಣ್ ಮಜುಂದಾರ್ ಅವರು ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆಯ ಶಾಸ್ತ್ರ ಕಲಿತು ಬಂದರು. ಹೆಣ್ಣೆಂಬ ಕಾರಣಕ್ಕೆ ಆ ಕೆಲಸ ಯಾರೂ ಕೊಡಲಿಲ್ಲ. 1978ರಲ್ಲಿ, 25ನೆಯ ವಯಸ್ಸಿನಲ್ಲಿ, ಐರ್ಲೆಂಡಿನ ಕಂಪನಿಯೊಂದರ ಜೊತೆಗೂಡಿ, ಬೆಂಗಳೂರಿನ ಬಾಡಿಗೆ ಗ್ಯಾರೇಜಿನಲ್ಲಿ 10,000 ರೂಪಾಯಿಯೊಂದಿಗೆ ಅವರು ಬಯೋಕಾನ್ ತೆರೆದರು. ಮೊದಲ ಸರಕುಗಳು ಎರಡು: ಪಪ್ಪಾಯಿಯ ಹಾಲಿನಿಂದ ತೆಗೆಯುವ ಪಪೇನ್ ಎಂಬ ಕಿಣ್ವ, ಮತ್ತು ಬಿಯರನ್ನು ತಿಳಿಯಾಗಿಸಲು ಬೇಕಾದ ಮೀನಿನ ಗಾಳಿಚೀಲದ ಅಂಟು. ಇದನ್ನು ಕೇಳಿದ ದಿನ ಮಾಸ್ತರರು ಬಹಳ ಹೊತ್ತು ನಕ್ಕರು. ಮೀನಿನ ಚೀಲದಿಂದ, ಅದೂ ಕುಡಿತದವರಿಗಾಗಿ, ಆರಂಭವಾದ ಉದ್ಯಮವೊಂದು ಲಿಂಗವಂತರ ಮನೆಯ ಮಡಕೆಗೆ ಹಂದಿಯ ಸೋಂಕಿಲ್ಲದ ಔಷಧ ತಂದುಕೊಟ್ಟಿತ್ತು.

ಮುಂದಿನ ಬೆಳವಣಿಗೆಯನ್ನು ಅವರು ಪತ್ರಿಕೆಗಳಲ್ಲಿ ಓದುತ್ತ ಬಂದರು. 2004ರಲ್ಲಿ ಷೇರುಪೇಟೆಗೆ ಬಂದ ಮೊದಲ ದಿನವೇ ಕಂಪನಿಯ ಮೌಲ್ಯ ನೂರು ಕೋಟಿ ಡಾಲರ್ ದಾಟಿತು. 2007ರಲ್ಲಿ ತನ್ನನ್ನು ಬೆಳೆಸಿದ ಕಿಣ್ವಗಳ ವ್ಯವಹಾರವನ್ನೇ ಮಾರಿ, ಔಷಧಗಳ ಕಡೆಗೆ ಪೂರ್ತಿ ತಿರುಗಿತು. ಕ್ಯಾನ್ಸರಿನ ಔಷಧಗಳು ಬಂದವು, ಮಲೇಷ್ಯಾದಲ್ಲಿ ಇನ್ಸುಲಿನ್ ಕಾರ್ಖಾನೆ ಎದ್ದಿತು. 2021ರಲ್ಲಿ ಅದರ ಗ್ಲಾರ್ಜಿನ್ ಇನ್ಸುಲಿನ್ನನ್ನು ಮೂಲ ಔಷಧದ ಬದಲಿಗೆ ಅಂಗಡಿಯವನೇ ಕೊಡಬಹುದೆಂದು ಅಮೆರಿಕ ಒಪ್ಪಿತು. 2022ರಲ್ಲಿ ವಿಯಾಟ್ರಿಸ್ ಕಂಪನಿಯ ಜೈವಿಕ ಔಷಧ ವಿಭಾಗವನ್ನು 300 ಕೋಟಿ ಡಾಲರಿಗೂ ಮಿಕ್ಕಿದ ಬೆಲೆಗೆ ಕೊಂಡಿತು; ಜೊತೆಗೆ ಸಾಲವನ್ನೂ ಹೊತ್ತುಕೊಂಡಿತು.

ಇವುಗಳಲ್ಲಿ ಮಾಸ್ತರರು ಕತ್ತರಿಸಿ ಇಟ್ಟುಕೊಂಡ ಸುದ್ದಿ ಒಂದೇ. ಬಡ ಹಾಗೂ ಮಧ್ಯಮ ಆದಾಯದ ದೇಶಗಳಿಗೆ ಮಾನವ ಇನ್ಸುಲಿನ್ನನ್ನು ದಿನಕ್ಕೆ 10 ಸೆಂಟಿಗಿಂತ ಕಡಿಮೆ ದರದಲ್ಲಿ ಕೊಡುವೆವೆಂದು ಕಂಪನಿ 2019ರಲ್ಲಿ ಸಾರಿತ್ತು. ಅಂದಿನ ಲೆಕ್ಕದಲ್ಲಿ ಸುಮಾರು 7 ರೂಪಾಯಿ. ಅವರ ಸೀಸೆಯಲ್ಲಿ 400 ಯೂನಿಟ್. ದಿನಕ್ಕೆ 40ರಂತೆ 10 ದಿನ. ಹಾಗಾದರೆ ಸೀಸೆಗೆ 70 ರೂಪಾಯಿ. ಆದರೆ ಆ ಮಾತು ಸರಕಾರಗಳ ಸಗಟು ಖರೀದಿಗೆ ಸಂಬಂಧಿಸಿದ್ದು. ಪೇಟೆಯ ಅಂಗಡಿಯ ಬಿಲ್ಲು ಬೇರೆ. ಮಾನವ ಇನ್ಸುಲಿನ್ನಿನ ಬೆಲೆಗೆ ಸರಕಾರದ ಮಿತಿಯಿರುವುದೇನೋ ನಿಜ. ಆದರೂ ಸೂಜಿ, ರಕ್ತಪರೀಕ್ಷೆಯ ಪಟ್ಟಿ, ಬಸ್ಸಿನ ಚಾರ್ಜು ಸೇರಿದರೆ ಪಿಂಚಣಿಯಿಲ್ಲದ ಮನೆಯಲ್ಲಿ ಜನ ದಿನ ಬಿಟ್ಟು ದಿನ ಚುಚ್ಚಿಕೊಳ್ಳುವುದನ್ನು ಅವರು ಕಂಡಿದ್ದಾರೆ. ಕಂಪನಿ ಎಷ್ಟು ಬೆಳೆಯಿತೆಂದು ಯಾರಾದರೂ ಹೇಳಿದರೆ, ಸೀಸೆ ಎಷ್ಟಕ್ಕೆ ಬಂತು ಎಂದು ಅವರು ಮರುಪ್ರಶ್ನೆ ಹಾಕುತ್ತಾರೆ.

ಕಳೆದ ತಿಂಗಳು ನಿಲಂಗಾದಿಂದ ಫೋನು ಬಂತು. ಅಕ್ಕನ ಮಗನಿಗೂ ಇನ್ಸುಲಿನ್ ಶುರುವಾಗಿತ್ತು. ಆದರೂ ಸಕ್ಕರೆ ಇಳಿಯುತ್ತಿರಲಿಲ್ಲ. ಮಾಸ್ತರರು ಕಾಸಾರಶಿರಸಿಯ ಮೇಲೆ ಹೋಗುವ ಬಸ್ಸು ಹತ್ತಿದರು. ಹೋಗಿ ನೋಡಿದರೆ ಸೀಸೆ ಒಂದು ಮಿಲಿಗೆ 40 ಯೂನಿಟ್ಟಿನದು, ಸಿರಿಂಜ್ ಮಾತ್ರ 100ರದು. ಅಂಗಡಿಯವನು ಕೊಟ್ಟದ್ದು ಕಿತ್ತಳೆ ಮುಚ್ಚಳದ್ದು. 20ರ ಗೆರೆಯವರೆಗೆ ಎಳೆದರೂ ಮೈಗೆ ಸೇರುತ್ತಿದ್ದುದು ಎಂಟೇ ಯೂನಿಟ್. ಮಾಸ್ತರರು ಚೀಲದಿಂದ ಕೆಂಪು ಮುಚ್ಚಳದ ಸಿರಿಂಜ್ ತೆಗೆದರು.

"ಮಾಮಾ, ಅವ್ವ ಇದ್ದಿದ್ರ ಇದನ್ನ ತಗೋತಿದ್ಲೇನ್ರೀ?" ಎಂದ ಅಳಿಯ.

ಮಾಸ್ತರರು ಸೀಸೆಯನ್ನು ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿದರು. "ಕೆಂಪು ಮುಚ್ಚಳ ನೆನಪಿಟ್ಕೋ" ಎಂದು, ಗೆರೆ ಕಾಣುವಂತೆ ಸಿರಿಂಜನ್ನು ಕಿಟಕಿಯ ಬೆಳಕಿಗೆ ಹಿಡಿದರು.