ಕಲಿತವರ ಕಲಿಕೆ

ಮೆಟ್ರಿಕ್ ಪರೀಕ್ಷೆಯೊಂದು ಮುಗಿದರೆ ಸಾಕು, ಮತ್ತೆ ಓದುವ ಗೋಜಿಲ್ಲ ಎಂದು ನಮ್ಮ ಹತ್ತನೆಯ ತರಗತಿಯ ಮಕ್ಕಳು ಪ್ರತಿ ವರ್ಷವೂ ಹೇಳುತ್ತಾರೆ. ನಾವು ಅದನ್ನು ಕೇಳಿ ನಗುತ್ತೇವೆಯೇ ಹೊರತು ಆಕ್ಷೇಪಿಸುವುದಿಲ್ಲ. ಆ ವಯಸ್ಸಿನಲ್ಲಿ ಹಾಗೆ ಅನಿಸುವುದು ಸಹಜ. ಆದರೆ ಪ್ರಮಾಣಪತ್ರವನ್ನು ಪಡೆದು, ವರ್ಷಗಟ್ಟಲೆ ದುಡಿದ ಮೇಲೂ ಮರಳಿ ಪಾಠಕ್ಕೆ ಕುಳಿತುಕೊಳ್ಳುವವರು ನಮ್ಮ ಮುಂಬಯಿಯಲ್ಲಿಯೇ ಇದ್ದಾರೆ. ಅವರೇ ಮಕ್ಕಳ ದಾದಿಯರು. ಅವರ ಕಲಿಕೆಯ ವಿಷಯವಾಗಿ ನಾವು ತಿಳಿದುಕೊಂಡ ಕೆಲವು ಸಂಗತಿಗಳನ್ನು ನಿಮ್ಮ ಮುಂದಿಡುತ್ತೇವೆ.

ನಮ್ಮ ಶಾಲೆಯಲ್ಲಿ ಓದಿದ ಹುಡುಗಿಯೊಬ್ಬಳು ಈಗ ನಗರದ ಆಸ್ಪತ್ರೆಯೊಂದರಲ್ಲಿ ಹಸುಗೂಸುಗಳ ದಾದಿಯಾಗಿದ್ದಾಳೆ. ಎರಡು ದಿನಗಳ ತರಬೇತಿಗೆ ಹೋಗಬೇಕೆಂದು ಅಪ್ಪಣೆಯಾದಾಗ ಅವಳು ನಮ್ಮಲ್ಲಿಗೆ ಬಂದು, “ಗುರುಗಳೇ, ಅಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ. ಎಲ್ಲರೆದುರು ಕೈ ನಡುಗಿದರೆ ಏನು ಮಾಡಲಿ?” ಎಂದಳು. “ಕೈ ಅಲ್ಲಿಯೇ ನಡುಗಿ ಹೋಗಲಿ ತಾಯಿ, ಮಗುವಿನ ಮುಂದೆ ನಡುಗದಿದ್ದರೆ ಸಾಕು” ಎಂದು ನಾವು ಧೈರ್ಯ ಹೇಳಿ ಕಳುಹಿಸಿದೆವು.

ಮರಳಿ ಬಂದು ಅವಳು ವಿವರಿಸಿದ್ದು ಹೀಗೆ. ಮೇಜಿನ ಮೇಲೆ ಒಂದು ಗೊಂಬೆ. ಅದನ್ನು ಆಗತಾನೆ ಹುಟ್ಟಿ ಇನ್ನೂ ಅಳದ ಶಿಶುವೆಂದು ಭಾವಿಸಬೇಕು. ಬೆಚ್ಚನೆಯ ಬಟ್ಟೆಯಿಂದ ಮೈಯೊರಸಬೇಕು. ಉಸಿರಿನ ದಾರಿ ತೆರೆದಿರುವಂತೆ ತಲೆಯನ್ನು ಇರಿಸಬೇಕು. ಬೆನ್ನನ್ನು ಮೃದುವಾಗಿ ಉಜ್ಜಬೇಕು. ಆಗಲೂ ಉಸಿರಾಡದಿದ್ದರೆ ಮೂಗು ಬಾಯಿಗಳ ಮೇಲೆ ಮಾಸ್ಕ್ ಇಟ್ಟು, ಅದಕ್ಕೆ ಹೊಂದಿಸಿದ ಗಾಳಿಚೀಲವನ್ನು ನಿಮಿಷಕ್ಕೆ 40ರಿಂದ 60 ಬಾರಿ ಒತ್ತಬೇಕು. ಎದೆ ಮೇಲೇಳುತ್ತಿದ್ದರೆ ಗಾಳಿ ಒಳಗೆ ಹೋಗುತ್ತಿದೆ ಎಂದರ್ಥ. ಇದೆಲ್ಲವೂ ಹುಟ್ಟಿದ ಮೊದಲ ನಿಮಿಷದೊಳಗೆ ಆರಂಭವಾಗಬೇಕು. ಆ ನಿಮಿಷವನ್ನು ವೈದ್ಯರು ‘ಬಂಗಾರದ ನಿಮಿಷ’ ಎಂದು ಕರೆಯುತ್ತಾರೆ.

ಈ ಕೆಲಸವನ್ನು ದಾದಿಯರು ಮೊದಲೇ ಕಲಿತಿರುತ್ತಾರಲ್ಲವೆ, ಮತ್ತೇಕೆ ಕಲಿಯಬೇಕು ಎಂದು ನೀವು ಕೇಳಬಹುದು. ಹುಟ್ಟುವ 100 ಶಿಶುಗಳಲ್ಲಿ ಸುಮಾರು 85 ತಾವಾಗಿಯೇ ಉಸಿರಾಡುತ್ತವೆ. ಸುಮಾರು 10 ಶಿಶುಗಳು ಮೈಯೊರಸಿ ಬೆನ್ನುಜ್ಜಿದ ಮೇಲೆ ಅಳುತ್ತವೆ. ಗಾಳಿಚೀಲ ಬೇಕಾಗುವುದು ಉಳಿದ ಕೆಲವಕ್ಕೆ ಮಾತ್ರ. ಅಪರೂಪವಾದ ಕೆಲಸವನ್ನು ಕೈ ಬೇಗನೆ ಮರೆಯುತ್ತದೆ. ಆದರೆ ಅದು ಬೇಕಾದ ಗಳಿಗೆಯಲ್ಲಿ ಪುಸ್ತಕವನ್ನು ತೆರೆದು ನೋಡಲು ಸಮಯವಿರುವುದಿಲ್ಲ. ಆದುದರಿಂದಲೇ ಭಾರತ ಸರಕಾರವು 2009ರಲ್ಲಿ ‘ನವಜಾತ ಶಿಶು ಸುರಕ್ಷಾ ಕಾರ್ಯಕ್ರಮ’ವನ್ನು ಆರಂಭಿಸಿ, ಹೆರಿಗೆಯ ಸ್ಥಳಗಳಲ್ಲಿ ದುಡಿಯುವವರಿಗೆ ಇಂತಹ ತರಬೇತಿಯನ್ನು ಏರ್ಪಡಿಸಿತು.

ಇನ್ನೊಂದು ಕಾರಣವೂ ಉಂಟು. ತಿಳಿವಳಿಕೆಯೇ ಬದಲಾಗುತ್ತ ಹೋಗುತ್ತದೆ. ಹುಟ್ಟಿದ ಕೂಡಲೇ ಮಗುವಿಗೆ ಸ್ನಾನ ಮಾಡಿಸುವುದು ನಮ್ಮ ಮನೆಗಳ ವಾಡಿಕೆ. ಮೈ ತಣ್ಣಗಾಗಬಾರದೆಂದು 24 ಗಂಟೆಗಳ ಕಾಲ ತಡೆಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ತೂಕ ಕಡಿಮೆಯಿರುವ ಶಿಶುಗಳನ್ನು ಹಿಂದೆ ತಾಯಿಯಿಂದ ಬೇರ್ಪಡಿಸಿ ಯಂತ್ರದ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ ಎಡ್ಗರ್ ರೇ ಎಂಬ ವೈದ್ಯರು, ಪೆಟ್ಟಿಗೆಗಳ ಕೊರತೆಯಿದ್ದಾಗ, ಶಿಶುವನ್ನು ತಾಯಿಯ ಎದೆಗೆ ಮೈತಾಗುವಂತೆ ಕಟ್ಟುವ ಪದ್ಧತಿಯನ್ನು ತಂದರು. ಬಡತನದಲ್ಲಿ ಹುಟ್ಟಿದ ಆ ಉಪಾಯವನ್ನೇ ಹುಟ್ಟಿದಂದಿನಿಂದ ಅನುಸರಿಸಬೇಕೆಂದು 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹೇಳಿತು. ಹಳೆಯ ಪಾಠವನ್ನಷ್ಟೇ ಬಲ್ಲ ದಾದಿ ಎಷ್ಟು ಕರುಣೆಯುಳ್ಳವಳಾದರೂ ಮಗುವನ್ನು ತಾಯಿಯಿಂದ ದೂರವೇ ಇಟ್ಟಾಳು.

ಗಣಿತವೆಂದರೆ ಮುಖ ಸಿಂಡರಿಸುವವರು ಇದನ್ನೂ ಕೇಳಬೇಕು. ಮಕ್ಕಳಿಗೆ ಔಷಧವನ್ನು ಸಾಮಾನ್ಯವಾಗಿ ತೂಕಕ್ಕೆ ತಕ್ಕಂತೆ ಲೆಕ್ಕ ಹಾಕಿ ಕೊಡುತ್ತಾರೆ. ದಶಮಾಂಶದ ಚುಕ್ಕೆಯೊಂದು ಒಂದು ಮನೆ ಅತ್ತ ಸರಿದರೆ ಔಷಧ ಹತ್ತು ಪಟ್ಟಾಗುತ್ತದೆ. ಆದುದರಿಂದ ತರಬೇತಿಗಳಲ್ಲಿ ಈ ಲೆಕ್ಕವನ್ನೂ ಮತ್ತೆ ಮತ್ತೆ ಮಾಡಿಸುವುದುಂಟು.

ನಮ್ಮ ವಿದ್ಯಾರ್ಥಿನಿ ಮೊದಲ ದಿನ ಬಾಯಿ ತೆರೆಯಲಿಲ್ಲವಂತೆ. ಎರಡನೆಯ ದಿನ ಎದ್ದು ನಿಂತು, ಒಂದು ಇಂಗ್ಲಿಷ್ ಶಬ್ದದ ಅರ್ಥವೇನೆಂದು ಹಿಂದಿಯಲ್ಲಿ ಕೇಳಿದಳಂತೆ. ಪಕ್ಕದಲ್ಲಿದ್ದ ಮಲಯಾಳಿ ದಾದಿಯೂ ಮರಾಠಿ ದಾದಿಯೂ, “ನಮಗೂ ಅದು ತಿಳಿದಿರಲಿಲ್ಲ” ಎಂದರಂತೆ. ಆಮೇಲೆ ಅವಳು ಗೊಂಬೆಯ ಮುಂದೆ ನಿಂತಾಗ ಕೈ ನಡುಗಲಿಲ್ಲ. ಯಾವ ಮಾಧ್ಯಮದಲ್ಲಿ ಓದಿದೆ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಎದೆ ಮೇಲೆದ್ದಿತೋ ಇಲ್ಲವೋ ಎಂಬುದನ್ನು ಮಾತ್ರ ನೋಡಿದರು.

ಮೊನ್ನೆ ದೀಪಾವಳಿಗೆ ಬಂದಿದ್ದಾಗ ಅವಳು ಹೇಳಿದ ಮಾತು ನಮ್ಮ ಮನಸ್ಸಿನಲ್ಲಿ ಉಳಿದಿದೆ. ತರಬೇತಿಯ ಅನಂತರ ಎರಡು ಸಲ ಅವಳು ಅಳದ ಶಿಶುವಿಗೆ ಗಾಳಿ ಕೊಡಬೇಕಾಯಿತು. ಒಂದು ಮಗು ಅತ್ತಿತು. ಇನ್ನೊಂದು ಉಳಿಯಲಿಲ್ಲ. “ಆ ತಾಯಿಯ ಮುಖ ನೋಡುವುದು ಕಷ್ಟವಾಯಿತು, ಗುರುಗಳೇ. ಆದರೆ ಮಾಡಬೇಕಾದುದರಲ್ಲಿ ಒಂದನ್ನೂ ಬಿಡಲಿಲ್ಲವೆಂದು ಅವಳಿಗೆ ಹೇಳಬಲ್ಲವಳಾಗಿದ್ದೆ” ಎಂದಳು.

ಪ್ರಿಯ ವಿದ್ಯಾರ್ಥಿಗಳೇ, ಕಲಿಕೆಯಿಂದ ಗೆಲುವು ಪ್ರತಿ ಸಲವೂ ದೊರೆಯದು. ಆದರೆ ನಮ್ಮನ್ನು ನಂಬಿದವರ ಮುಂದೆ ಹೀಗೆ ತಲೆಯೆತ್ತಿ ನಿಲ್ಲುವ ಶಕ್ತಿ ಅದರಿಂದಲೇ ಬರುತ್ತದೆ. ನಾಳೆ ನಿಮ್ಮಲ್ಲಿ ಯಾರು ದಾದಿಯಾಗುವಿರೋ, ಯಾರು ಗಿರಣಿಗೋ ಕಚೇರಿಗೋ ಹೋಗುವಿರೋ ನಾವರಿಯೆವು. ಎಲ್ಲಿಗೆ ಹೋದರೂ ತಿಳಿಯದುದನ್ನು ಎದ್ದು ನಿಂತು ಕೇಳಿರಿ. ತಿಳಿದುದನ್ನು ಮತ್ತೊಮ್ಮೆ ಮಾಡಿ ನೋಡಿರಿ.